ದೇವನಹಳ್ಳಿಗೆ ಹೋಗಿ ಬಂದೆವು

ಪ್ರವಾಸವೆಂದರೆ ನಮ್ಮ ಮನೆತನಗಳಲ್ಲಿ ಕ್ಷೇತ್ರದರ್ಶನವೆಂದೇ ಸಾಮಾನ್ಯ ಅರ್ಥ. ಕೂಡಲಸಂಗಮ, ಉಳವಿ, ಬಸವಕಲ್ಯಾಣ, ಶ್ರೀಶೈಲ ಎಂದು ವರ್ಷಕ್ಕೊಮ್ಮೆಯಾದರೂ ಬುತ್ತಿ ಕಟ್ಟಿಕೊಂಡು ಹೊರಡುವುದು ನಮ್ಮ ಹಿರಿಯರಿಂದ ಬಂದ ರೂಢಿ. ಈಗ ನಾವು ಬರೆಯಹೊರಟಿರುವ ಪ್ರವಾಸ ಅಂಥದಲ್ಲ. ಅಲ್ಲಿ ಗುಡಿಯಿಲ್ಲ, ಪ್ರಸಾದವಿಲ್ಲ. ಒಂದು ಸಣ್ಣ ಪಟ್ಟಣದ ಶೌಚದ ಗುಂಡಿಗಳ ಕೆಸರು ಕೊನೆಗೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಲೆಂದೇ ನಾವು 2023ರ ಕಾರ್ತಿಕ ಮಾಸದಲ್ಲಿ ದೇವನಹಳ್ಳಿಗೆ ಹೋಗಿ ಬಂದೆವು. ಓದುಗ ಬಂಧುಗಳು ಮೂಗು ಮುರಿಯದೆ ಕೊನೆಯವರೆಗೂ ಓದಬೇಕೆಂದು ಮೊದಲಿಗೇ ಪ್ರಾರ್ಥಿಸಿಕೊಳ್ಳುತ್ತೇವೆ.

ಹೋಗಲು ಕಾರಣವಾದದ್ದು ಒಂದು ತಕರಾರು ಅರ್ಜಿ. ನಮ್ಮದು ಮಲಪ್ರಭೆಯ ಬಯಲಿನ ಒಂದು ಚಿಕ್ಕ ಪಟ್ಟಣ. ಒಳಚರಂಡಿಯೆಂಬುದು ಇಂದಿಗೂ ನಮ್ಮೂರಿಗೆ ಬಂದಿಲ್ಲ. ಮನೆಮನೆಗೂ ಗುಂಡಿ, ಬೀದಿಬೀದಿಗೂ ತೆರೆದ ಗಟಾರ. 2021ರ ಅಕ್ಟೋಬರಿನಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಎರಡನೆಯ ಹಂತದಲ್ಲಿ, ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳ ಬಳಸಿದ ನೀರನ್ನು ಸಂಸ್ಕರಿಸುವ ಕೆಲಸವೂ ಸೇರಿದೆ. ಅದರಂತೆ ನಮ್ಮೂರಿನಲ್ಲಿಯೂ ಗುಂಡಿಗಳ ಕೆಸರನ್ನು ಶುದ್ಧಿಗೊಳಿಸುವ ಒಂದು ಘಟಕವಾಗಬೇಕೆಂಬ ಮಾತು ಎದ್ದಿತು. ಅದಕ್ಕಾಗಿ ನೋಡಿದ ಜಾಗ ನಮ್ಮ ಹೊಲದ ಬದುವಿಗೆ ಹೊಂದಿಕೊಂಡ ಗಾಯರಾಣ.

ಸುದ್ದಿ ತಿಳಿದ ವಾರದೊಳಗೆ ಸುತ್ತಲಿನ ಹೊಲದವರೆಲ್ಲ ಸೇರಿ ಅರ್ಜಿ ಬರೆದರು. ದುರ್ವಾಸನೆ ಬರುತ್ತದೆ, ಬಾವಿ ಕೆಡುತ್ತದೆ, ಜಮೀನಿನ ಬೆಲೆ ಬೀಳುತ್ತದೆ ಎಂದು ಮೂರು ಕಾರಣ. ನಾವೂ ನಮ್ಮ ಅಣ್ಣನವರೂ ಮರುಮಾತಿಲ್ಲದೆ ಸಹಿ ಮಾಡಿದೆವು. ಆ ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ತಾಯಿಯವರು ಸಹಜವಾಗಿ ಕೇಳಿದರು: "ಅಲ್ಲಪಾ, ನಮ್ಮ ಗುಂಡಿ ತುಂಬಿದಾಗ ಟ್ರ್ಯಾಕ್ಟರ್ ಬಂದು ಎಳಕೊಂಡು ಹೋಗ್ತಾವಲ್ಲ, ಅದನ್ನ ಎಲ್ಲಿ ಚೆಲ್ತಾರ?"

ಉತ್ತರ ನಮಗೆಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಟ್ಯಾಂಕರಿನವನು ಅದನ್ನು ಊರ ಹೊರಗಿನ ಹಳ್ಳಕ್ಕೆ ಬಿಡುತ್ತಾನೆ. ಅದೇ ಹಳ್ಳದಲ್ಲಿ ನಮ್ಮ ತಂದೆಯವರು ಬಾಲ್ಯದಲ್ಲಿ ಈಜು ಕಲಿತರು. ಅದೇ ಹಳ್ಳ ನಾಲ್ಕಾರು ಹರದಾರಿ ಹರಿದು ಮಲಪ್ರಭೆಯನ್ನು ಕೂಡುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟನ್ನು ದಾಟಿ ಬರುವ ಮಲಪ್ರಭೆ ಕೃಷ್ಣೆಯನ್ನು ಸೇರುವುದು ಎಲ್ಲಿ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ತಿಳಿಸಬೇಕಾಗಿಲ್ಲ. ಸಂಕ್ರಮಣದಂದು ಕೂಡಲಸಂಗಮದಲ್ಲಿ ನಾವು ಭಕ್ತಿಯಿಂದ ಮುಳುಗೇಳುವ ನೀರಿಗೆ, ನಮಗಿಂತ ಮೊದಲೇ ನಮ್ಮ ಮನೆಯ ಗುಂಡಿಯ ಪಾಲನ್ನು ಕಳುಹಿಸಿರುತ್ತೇವೆ. ಈ ಮಾತು ಮನಸ್ಸಿಗೆ ಬಂದ ಮೇಲೆ ಅಂದಿನ ಊಟ ರುಚಿಸಲಿಲ್ಲ. ಅರ್ಜಿಯನ್ನು ಮುಂದುವರಿಸುವ ಮೊದಲು ಅಂಥ ಘಟಕವೊಂದನ್ನು ನೋಡಿಬರೋಣವೆಂದು ಅಣ್ಣನವರೇ ಸೂಚಿಸಿದರು. ನಮ್ಮ ದೇಶದಲ್ಲಿ ಪಟ್ಟಣವೊಂದರ ಮಟ್ಟಕ್ಕೆ ಮೊಟ್ಟಮೊದಲು ಇಂಥ ಘಟಕ ಆರಂಭವಾದದ್ದು ನಮ್ಮ ರಾಜ್ಯದ ದೇವನಹಳ್ಳಿಯಲ್ಲಿಯೇ ಎಂದು ತಿಳಿದು, ಬೆಂಗಳೂರಿನ ಬೀಗರ ಮನೆಯ ಮದುವೆಗೆ ಹೋದವರು ಅಲ್ಲಿಂದ ಮುಂದಕ್ಕೆ ಹೊರಟೆವು.

ಬೆಂಗಳೂರಿನಿಂದ ಉತ್ತರಕ್ಕೆ ಹೈದರಾಬಾದಿನ ಹೆದ್ದಾರಿ ಹಿಡಿದು ಹೆಬ್ಬಾಳ, ಯಲಹಂಕಗಳನ್ನು ದಾಟಿದರೆ ದೇವನಹಳ್ಳಿ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ದಾರಿಯ ಎರಡೂ ಬದಿಗಳ ಚಹರೆಯೇ ಬದಲಾಗಿದೆ. ಒಂದು ಕಾಲಕ್ಕೆ ರಾಗಿ, ದ್ರಾಕ್ಷಿಗಳ ನೆಲವಾಗಿದ್ದ ಕಡೆಗಳಲ್ಲಿ ಬಡಾವಣೆಗಳ ಫಲಕಗಳು ನಿಂತಿವೆ. ಆದರೂ ಊರೊಳಗೆ ಕಾಲಿಟ್ಟೊಡನೆ ಹಳೆಯ ಪೇಟೆಯ ಗತ್ತು ಕಾಣಿಸುತ್ತದೆ. ಬಸ್ಸಿಳಿದ ಕಡೆಯಲ್ಲೇ ಒಬ್ಬ ಅಜ್ಜಿ ಚಕ್ಕೋತದ ಹಣ್ಣುಗಳನ್ನು ರಾಶಿ ಹಾಕಿಕೊಂಡು ಕುಳಿತಿದ್ದರು. ದೇವನಹಳ್ಳಿಯ ಚಕ್ಕೋತ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹಣ್ಣು. ಕೊಂಡು ತಿಂದೆವು, ಸಿಹಿಯ ಹಿಂದೆ ಸಣ್ಣ ಹುಳಿ, ಹಿತವಾಗಿತ್ತು.

ಬೆಳಗಿನ ಹೊತ್ತನ್ನು ಕೋಟೆಗೆ ಕೊಟ್ಟೆವು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನಿಂದ ಬಲಪಡಿಸಲಾಯಿತು. 1791ರಲ್ಲಿ ಅದು ಕಾರ್ನವಾಲಿಸನ ಸೇನೆಯ ವಶವಾಯಿತು. ಟಿಪ್ಪು ಸುಲ್ತಾನ ಹುಟ್ಟಿದ ಸ್ಥಳವೆಂದು ಕಲ್ಲಿನ ಫಲಕವಿರುವ ಚಿಕ್ಕ ಮಂಟಪವನ್ನೂ ಕೋಟೆಯೊಳಗಿನ ವೇಣುಗೋಪಾಲಸ್ವಾಮಿಯ ಗುಡಿಯನ್ನೂ ನೋಡಿದೆವು. ಡಿ.ವಿ.ಜಿ.ಯವರ ಹೆಸರಿನ ಮೊದಲ ಅಕ್ಷರ ಈ ದೇವನಹಳ್ಳಿಯದೇ ಎಂಬುದನ್ನು ನೆನೆದು ಸಂತೋಷಪಟ್ಟೆವು. ಕೋಟೆಯ ಗೋಡೆ ಏರಿ ನಿಂತರೆ ಉತ್ತರಕ್ಕೆ ನಂದಿಬೆಟ್ಟದ ಸಾಲು. ಆ ಬೆಟ್ಟಗಳ ಮಡಿಲಿನಲ್ಲಿಯೇ ಅರ್ಕಾವತಿ ಹುಟ್ಟುತ್ತಾಳೆ; ದಕ್ಷಿಣ ಪಿನಾಕಿನಿಯೂ ಅಲ್ಲಿಯೇ ಹುಟ್ಟಿ ದೇವನಹಳ್ಳಿ, ಹೊಸಕೋಟೆಯ ಸೀಮೆಯಲ್ಲಿ ಹರಿದು ತಮಿಳುನಾಡನ್ನು ಸೇರುತ್ತಾಳೆ. ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಆಗಾಗ ನೊರೆ ಉಕ್ಕಿ ಬೀದಿಗೆ ಹರಿದ ಸುದ್ದಿಯನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರಬಹುದು. ಅದು ಈ ಪಿನಾಕಿನಿಯ ನೀರೇ. ಮೇಲಿನ ಊರಿನವರು ಬಿಟ್ಟದ್ದನ್ನು ಕೆಳಗಿನ ಊರಿನವರು ಉಣ್ಣಬೇಕಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಧ್ಯಾಹ್ನ ಪುರಸಭೆಯವರ ಒಪ್ಪಿಗೆ ಪಡೆದು ಊರ ಹೊರಗಿನ ಘಟಕಕ್ಕೆ ಹೋದೆವು. ಹೋಗುವ ಮುನ್ನ ವಿಷಯದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. 2011ರ ಜನಗಣತಿಯ ಪ್ರಕಾರ ನಮ್ಮ ದೇಶದ ಪಟ್ಟಣವಾಸಿ ಮನೆಗಳಲ್ಲಿ ಒಳಚರಂಡಿಯ ಕೊಳವೆಗೆ ಸೇರಿದವು ಶೇಕಡಾ 32.7 ಮಾತ್ರ; ಸೆಪ್ಟಿಕ್ ಟ್ಯಾಂಕಿನ ಮನೆಗಳು ಶೇಕಡಾ 38.2. ಅಂದರೆ ಕೊಳವೆಗಿಂತ ಗುಂಡಿಯನ್ನು ನಂಬಿದವರೇ ಹೆಚ್ಚು. ಗುಂಡಿಯೊಳಗೆ ಭಾರವಾದದ್ದು ತಳಕ್ಕೆ ಕುಳಿತು, ಮೇಲಿನ ತಿಳಿ ಹೊರಗೆ ಹೋಗುತ್ತದೆ. ತಳದ ಕೆಸರು ವರ್ಷದಿಂದ ವರ್ಷಕ್ಕೆ ಏರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ತೆಗೆಸದಿದ್ದರೆ ಟ್ಯಾಂಕು ಹೆಸರಿಗೆ ಮಾತ್ರ ಟ್ಯಾಂಕು. ಬಂದದ್ದೆಲ್ಲ ಹಾಗೆಯೇ ಗಟಾರಕ್ಕೆ ಹೋಗುತ್ತದೆ. ತೆಗೆಸಿದ ಕೆಸರಾದರೋ ಸಾಮಾನ್ಯ ಚರಂಡಿ ನೀರಿಗಿಂತ ಹತ್ತಾರು ಪಟ್ಟು ಗಾಢವಾದದ್ದು. ಐದು ಸಾವಿರ ಲೀಟರಿನ ಒಂದು ಗಾಡಿಯನ್ನು ಹಳ್ಳಕ್ಕೆ ಬಿಟ್ಟರೆ ಐದು ಸಾವಿರ ಜನ ಒಂದೇ ದಿನ ಹಳ್ಳದ ದಂಡೆಗೆ ಬಯಲು ಶೌಚಕ್ಕೆ ಹೋದಂತೆ ಎಂದು ಈ ವಿಷಯ ಬಲ್ಲವರು ಲೆಕ್ಕ ಹೇಳುತ್ತಾರೆ. ನಮ್ಮೂರಿನ ಟ್ಯಾಂಕರು ವಾರಕ್ಕೆ ಎಷ್ಟು ಸಲ ಹಳ್ಳಕ್ಕೆ ಹೋಗುತ್ತದೆಂದು ನಾವು ಮನಸ್ಸಿನಲ್ಲಿಯೇ ಎಣಿಸಿಕೊಂಡೆವು.

ದೇವನಹಳ್ಳಿಯಲ್ಲಿಯೂ ಮೊದಲು ನಡೆದದ್ದು ಇದೇ. 2011ರ ಜನಗಣತಿಯಂತೆ ಸುಮಾರು 28 ಸಾವಿರ ಜನರ ಊರು; ಒಳಚರಂಡಿ ಇರಲಿಲ್ಲ. ಸಕ್ಕಿಂಗ್ ಗಾಡಿಗಳು ಕೆಸರನ್ನು ಸಿಕ್ಕ ಕಡೆ ಸುರಿಯುತ್ತಿದ್ದವು; ಕೆಲವು ರೈತರು ಹೊಲದಲ್ಲಿ ಗುಂಡಿ ತೆಗೆದು, ಅದರಲ್ಲಿ ಸುರಿಸಿಕೊಂಡು, ಒಣಗಿಸಿ ಗೊಬ್ಬರವಾಗಿ ಬಳಸುತ್ತಿದ್ದರು. ಬೆಳೆಗೆ ಬಲವಾದ ಗೊಬ್ಬರವೇನೋ ಹೌದು. ಆದರೆ ಸರಿಯಾಗಿ ಕಳಿಯದ ಕೆಸರಿನಲ್ಲಿ ಜಂತುಹುಳುವಿನ ಮೊಟ್ಟೆಗಳೂ ರೋಗಾಣುಗಳೂ ಜೀವಂತವಾಗಿರುತ್ತವೆ. ಬರಿಗಾಲಿನಲ್ಲಿ ತುಳಿಯುವ ಕೂಲಿಯವರಿಗೂ ಹಸಿ ತರಕಾರಿ ತಿನ್ನುವವರಿಗೂ ಅದು ಅಪಾಯ. ಈ ಸ್ಥಿತಿಯಲ್ಲಿ ಬೆಂಗಳೂರಿನ ಸಿ.ಡಿ.ಡಿ. ಸೊಸೈಟಿ ಎಂಬ ಸಂಸ್ಥೆ ಪುರಸಭೆಯೊಡನೆ ಸೇರಿ, ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಘಟಕವನ್ನು ಕಟ್ಟಿತು. ಅದು ಕೆಲಸ ಆರಂಭಿಸಿದ್ದು 2015ರಲ್ಲಿ. ದಿನಕ್ಕೆ ಆರು ಸಾವಿರ ಲೀಟರು ಕೆಸರನ್ನು ಸಂಸ್ಕರಿಸುವಂತೆ ಅದನ್ನು ರೂಪಿಸಲಾಗಿದೆ.

ಗೇಟಿನ ಬಳಿ ಇಳಿದಾಗ ನಾವೆಲ್ಲರೂ ಅರಿವಿಲ್ಲದೆಯೇ ಸೆರಗು, ಕರವಸ್ತ್ರಗಳನ್ನು ಮೂಗಿಗೆ ಹಿಡಿದಿದ್ದೆವು. ಘಟಕ ನೋಡಿಕೊಳ್ಳುವ ಯುವಕ ನಕ್ಕು, "ತೆಗೀರಿ ಸಾರ್, ಮೊದ್ಲು ವಾಸನೆ ನೋಡಿ, ಆಮೇಲೆ ಮುಚ್ಕೊಳ್ಳಿ" ಎಂದ. ನಾಚಿಕೆಯಿಂದ ಕರವಸ್ತ್ರ ತೆಗೆದೆವು. ಗಾಡಿ ಬಂದು ಸುರಿಯುವ ಜಾಗದಲ್ಲಿ ವಾಸನೆ ಇದ್ದದ್ದು ನಿಜ. ಅಲ್ಲಿಂದ ಇಪ್ಪತ್ತು ಹೆಜ್ಜೆ ಸರಿದರೆ ನಮ್ಮೂರ ಗಟಾರದ ಪಕ್ಕದಲ್ಲಿ ನಿತ್ಯ ಉಸಿರಾಡುವುದಕ್ಕಿಂತ ಕಡಿಮೆಯೇ ಇತ್ತು.

ಘಟಕದ ಕೆಲಸವನ್ನು ನಮಗೆ ತಿಳಿದಂತೆ ಹೇಳುತ್ತೇವೆ. ಗಾಡಿಯಿಂದ ಬಿದ್ದ ಕೆಸರು ಮೊದಲು ಕಬ್ಬಿಣದ ಜಾಳಿಗೆಯನ್ನು ದಾಟುತ್ತದೆ. ಬಟ್ಟೆಯ ಚೂರು, ಪ್ಲಾಸ್ಟಿಕ್ ಚೀಲ, ಕೂದಲು ಎಲ್ಲವೂ ಅಲ್ಲಿ ತಡೆಯಲ್ಪಡುತ್ತವೆ. ಬಳಿಕ ಕೆಸರು ಗಾಳಿಯಾಡದ ಮುಚ್ಚಿದ ತೊಟ್ಟಿಗಳಲ್ಲಿ ಕೆಲವು ದಿನ ನಿಲ್ಲುತ್ತದೆ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಅದನ್ನು ಕಳಿಸುತ್ತವೆ. ನಮ್ಮ ಕೊಟ್ಟಿಗೆಯ ಗೋಬರ್ ಗ್ಯಾಸಿನ ತೊಟ್ಟಿಯೊಳಗೆ ನಡೆಯುವ ಕ್ರಿಯೆಯೇ ಇದು. ಹೀಗೆ ಕಳಿತ ಕೆಸರನ್ನು ಮರಳು, ಜಲ್ಲಿಗಳನ್ನು ಹಾಸಿದ ಒಣಗುಪಾತಿಗಳ ಮೇಲೆ ಹರಡುತ್ತಾರೆ. ನೀರು ಕೆಳಗೆ ಬಸಿದು ಹೋಗಿ, ಮೇಲಿನದು ಬಿಸಿಲಿಗೆ ಒಣಗಿ ಬಿರುಕುಬಿಟ್ಟ ಕೆರೆಯಂಗಳದಂತಾಗುತ್ತದೆ. ಬಸಿದ ನೀರನ್ನೂ ಹಾಗೆಯೇ ಬಿಡುವುದಿಲ್ಲ. ಅದು ಒಂದರ ಪಕ್ಕ ಒಂದಿರುವ ಕೋಣೆಗಳನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸುತ್ತುತ್ತ ಸಾಗಿ, ಕೊನೆಗೆ ಜಲ್ಲಿಯಲ್ಲಿ ಗಿಡ ಬೆಳೆಸಿದ ಒಂದು ತೋಟದ ಬುಡದಲ್ಲಿ ಹರಿಯುತ್ತದೆ. ಗಿಡದ ಬೇರುಗಳೂ ಬೇರನ್ನು ಆಶ್ರಯಿಸಿದ ಜೀವಿಗಳೂ ಉಳಿದ ಕೊಳೆಯನ್ನು ತಿಂದು ನೀರನ್ನು ತಿಳಿಮಾಡುತ್ತವೆ. ಆ ನೀರು ಕುಡಿಯಲು ಅಲ್ಲ; ಗಿಡಗಳಿಗೆ ಉಣಿಸಲು.

ನಮ್ಮ ಅಣ್ಣನವರು ನೀರಾವರಿ ಪಂಪಿನ ಕರೆಂಟಿನ ಕಷ್ಟ ಬಲ್ಲವರು. "ಕರೆಂಟ್ ಹೋದರ ಏನ್ ಮಾಡ್ತೀರಿ ತಮ್ಮಾ?" ಎಂದು ಕೇಳಿದರು. "ಕರೆಂಟೇ ಬೇಡ ಸಾರ್ ಇದಕ್ಕೆ. ಇಳಿಜಾರು ನೋಡ್ಕೊಂಡು ಕಟ್ಟವ್ರೆ. ನೀರು ತಾನಾಗೇ ಇಳೀತದೆ" ಎಂದು ಆತ ಉತ್ತರಿಸಿದ. ಸಣ್ಣ ಊರುಗಳಿಗೆ ಇದೇ ಮುಖ್ಯವಾದ ಮಾತೆಂದು ನಮಗೆ ತೋರಿತು. ದೊಡ್ಡ ಮೋಟಾರು, ದೊಡ್ಡ ಯಂತ್ರಗಳನ್ನು ನಂಬಿ ಕಟ್ಟಿದ ಎಷ್ಟೋ ಯೋಜನೆಗಳು ವಿದ್ಯುತ್ ಬಿಲ್ಲು ಕಟ್ಟಲಾಗದೆ, ರಿಪೇರಿಗೆ ಜನ ಸಿಗದೆ ತುಕ್ಕು ಹಿಡಿದು ನಿಲ್ಲುತ್ತವೆ. ಇಲ್ಲಿ ಕೆಡುವಂಥ ಭಾಗಗಳೇ ಕಡಿಮೆ.

ಒಣಗಿದ ಕೆಸರನ್ನು ಊರಿನ ಹಸಿ ಕಸದೊಡನೆ ಬೆರೆಸಿ ಗೊಬ್ಬರ ಮಾಡುವ ಕೆಲಸವನ್ನೂ ನೋಡಿದೆವು. ರಾಶಿ ತಾನಾಗಿಯೇ ಬಿಸಿಯೇರುತ್ತದೆ. ಆ ಬಿಸಿ 55 ಡಿಗ್ರಿಗೂ ಮೇಲೆ ಹಲವು ದಿನ ನಿಂತರೆ ಜಂತುಹುಳುವಿನ ಮೊಟ್ಟೆಗಳು ಸಾಯುತ್ತವೆ. ಸೂರ್ಯನ ಬಿಸಿಲು ಮಾಡಲಾಗದ ಶುದ್ಧಿಯನ್ನು ರಾಶಿಯೊಳಗಿನ ಬಿಸಿ ಮಾಡುತ್ತದೆ. ಆದ್ದರಿಂದಲೇ ರಾಶಿಯನ್ನು ಆಗಾಗ ಮಗುಚಿ, ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಮಾಡಬೇಕು. ಮಾಗಿದ ಗೊಬ್ಬರವನ್ನು ಅಣ್ಣನವರು ಅಂಗೈಯಲ್ಲಿ ಹಿಡಿದು ಮೂಸಿ ನೋಡಿ, "ಮೊದಲ ಮಳಿ ಬಿದ್ದ ಎರಿ ಮಣ್ಣಿನ ವಾಸನಿ" ಎಂದರು. ಒಕ್ಕಲುತನದವರ ಬಾಯಿಂದ ಬರುವ ಪ್ರಮಾಣಪತ್ರ ಇದಕ್ಕಿಂತ ದೊಡ್ಡದಿಲ್ಲ.

ಕಂಡ ಕೊರತೆಯನ್ನೂ ಹೇಳದಿದ್ದರೆ ನಮ್ಮ ಬರಹ ಪ್ರಾಮಾಣಿಕವಾಗದು. ಕೂತಲ್ಲಿಯೇ ಒಂದು ಲೆಕ್ಕ ಹಾಕಿದೆವು. ದಿನಕ್ಕೆ ಆರು ಸಾವಿರ ಲೀಟರಿನಂತೆ ವರ್ಷಕ್ಕೆ 300 ದಿನ ನಡೆದರೆ 18 ಲಕ್ಷ ಲೀಟರು. ಒಂದು ಗುಂಡಿಗೆ ಮೂರು ಸಾವಿರ ಲೀಟರೆಂದು ಹಿಡಿದರೆ ವರ್ಷಕ್ಕೆ 600 ಗುಂಡಿಗಳು. ಮನೆಗೆ ನಾಲ್ಕೂವರೆ ಜನರಂತೆ 28 ಸಾವಿರ ಜನರಿಗೆ ಆರು ಸಾವಿರಕ್ಕೂ ಮೇಲೆ ಮನೆಗಳು. ಎಲ್ಲರೂ ನಿಯಮದಂತೆ ಮೂರು ವರ್ಷಕ್ಕೊಮ್ಮೆ ಗುಂಡಿ ತೆಗೆಸಿದರೆ ವರ್ಷಕ್ಕೆ ಎರಡು ಸಾವಿರ ಗುಂಡಿಗಳಾಗುತ್ತವೆ. ತಳ ತೆರೆದ ಇಂಗುಗುಂಡಿಗಳು ಬೇಗ ತುಂಬುವುದಿಲ್ಲವಾದ್ದರಿಂದ ಇಷ್ಟೊಂದು ಬರಲಾರದು; ಆದರೆ ಅಂಥ ಗುಂಡಿಗಳ ನೀರು ಭೂಮಿಗಿಳಿದು ಬಾವಿ, ಬೋರುಗಳನ್ನು ಕೆಡಿಸುವ ಭಯ ಬೇರೆ. ಮೇಲಾಗಿ ಅಡುಗೆಮನೆ, ಬಚ್ಚಲುಗಳ ನೀರು ಈ ಘಟಕಕ್ಕೆ ಬರುವುದೇ ಇಲ್ಲ; ಅದು ಗಟಾರದ ದಾರಿಯನ್ನೇ ಹಿಡಿಯುತ್ತದೆ. ಆದುದರಿಂದ ಇಂಥ ಒಂದು ಘಟಕವಾದೊಡನೆ ಊರು ಶುದ್ಧವಾಯಿತೆಂದು ಯಾರೂ ಬೀಗಬೇಕಾಗಿಲ್ಲ. ಆದರೆ ಅತ್ಯಂತ ವಿಷಮಯವಾದ ಪಾಲನ್ನು ಅದು ಹಳ್ಳಕ್ಕೆ ಹೋಗದಂತೆ ತಡೆಯುತ್ತದೆ. ಅಷ್ಟೇ ಅದರ ಕೆಲಸ. ಅಷ್ಟು ಸಣ್ಣ ಕೆಲಸವಲ್ಲ.

ಹಿಂದಿರುಗುವಾಗ ಸಿಹಿನೀರು ಕೆರೆಯ ದಂಡೆಗೂ ಹೋದೆವು. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯೆಂದು ಹೆಸರಾದ ಯೋಜನೆಯಲ್ಲಿ, ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಗೊಳಿಸಿ ದೇವನಹಳ್ಳಿ, ಚಿಕ್ಕಬಳ್ಳಾಪುರದ ಸೀಮೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ್ದ ಈ ಕೆರೆಗೂ ಅದೇ ನೀರು ಬಂದಿತು. ಕೆರೆಯ ಮಗ್ಗುಲಿನ ಹಳೆಯ ತೆರೆದ ಬಾವಿಯನ್ನು ಮತ್ತೆ ಬಳಕೆಗೆ ತಂದು, ನೆಲದೊಳಗೆ ಇಂಗಿ ಬಂದ ಆ ನೀರನ್ನು ಮತ್ತೊಮ್ಮೆ ಶುದ್ಧಿಗೊಳಿಸಿ ಊರಿಗೆ ಕೊಡುವ ಏರ್ಪಾಡೂ ಆಯಿತು. ಕೆರೆಯಲ್ಲಿ ನೀರು ಕಂಡು ಕಣ್ಣು ತಂಪಾಯಿತು. ಆದರೆ ಎಚ್ಚರಿಕೆಯ ಮಾತೂ ಇದೆ. ಇಂಥದೇ ಇನ್ನೊಂದು ಯೋಜನೆಯ ನೀರು ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರದ ಕೆರೆಗೆ ಬಂದಾಗ, 2018ರ ಜುಲೈನಲ್ಲಿ, ಅಲ್ಲಿ ನೊರೆ ಎದ್ದಿತ್ತು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಅಲ್ಲಿಯ ರೈತರು ಒತ್ತಾಯಿಸುತ್ತ ಬಂದಿದ್ದಾರೆ. ಶುದ್ಧಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಫಲವೂ ಅರ್ಧವೇ.

ಘಟಕದ ಆ ಯುವಕನ ಮತ್ತೊಂದು ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. "ಮೊದಮೊದ್ಲು ಈ ಕೆಲಸ ಅಂತ ನೆಂಟರ ಹತ್ರ ಹೇಳ್ಕೊಳ್ಳೋಕೆ ನಾಚ್ಕೆ ಆಗ್ತಿತ್ತು ಸಾರ್. ಈಗ ದೂರದೂರದಿಂದ ನಿಮ್ಮಂಥೋರು ನೋಡೋಕೆ ಬರ್ತಾರೆ. ನಾಚ್ಕೆ ಇಲ್ಲ." ಕೈಗವುಸು, ಬೂಟು ಧರಿಸಿ ನಿಂತಿದ್ದ ಆ ಹುಡುಗನನ್ನು ನೋಡಿ ನಮಗೆ ಹಳೆಯದೊಂದು ನೆನಪಾಯಿತು. ನಮ್ಮ ಅಜ್ಜಿಯ ಕಾಲದಲ್ಲಿ ಮನೆಯ ಹಿತ್ತಲ ಬಾಗಿಲಿಗೆ ನಸುಕಿನಲ್ಲಿ ಒಬ್ಬಾಕೆ ಬುಟ್ಟಿ ಹಿಡಿದು ಬರುತ್ತಿದ್ದಳಂತೆ. ಆಕೆಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಎಪ್ಪತ್ತರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆದರೂ 2010ರ ಜುಲೈನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಅದೇ ವೃತ್ತಿಯ ಕುಟುಂಬದವರು, ತಮ್ಮನ್ನು ಮನೆ ಬಿಡಿಸುವ ಯತ್ನವನ್ನು ವಿರೋಧಿಸಿ, ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2013ರ ಕಾಯ್ದೆ ಮನುಷ್ಯರನ್ನು ರಕ್ಷಣೆಯಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ಅಪರಾಧವೆಂದು ಸಾರಿದೆ. ಹಾಗಿದ್ದೂ ಗುಂಡಿಗಿಳಿದು ವಿಷಗಾಳಿಯಿಂದ ಸತ್ತವರ ಸುದ್ದಿ ನಿಂತಿಲ್ಲ. ಕಾಯಕಕ್ಕೆ ಮೇಲುಕೀಳಿಲ್ಲವೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಹಾಗೆ ಹೇಳುವವರು ಆ ಕಾಯಕ ಮಾಡುವವನ ಪ್ರಾಣಕ್ಕೆ ಅಪಾಯವಾಗದಂತೆ ನೋಡಿಕೊಳ್ಳುವುದೂ ನಮ್ಮ ಹೊಣೆಯೆಂದು ತಿಳಿಯಬೇಕಲ್ಲವೆ?

ಊರಿಗೆ ಬಂದ ಮೇಲೆ ಹೊಲದ ನೆರೆಯವರನ್ನು ನಮ್ಮ ಕಟ್ಟೆಗೆ ಕರೆದು ಕಂಡದ್ದನ್ನೆಲ್ಲ ಹೇಳಿದೆವು. ಒಪ್ಪಿದವರು ಕೆಲವರು, "ನಿಮಗೇನ್ರೀ, ನೀವು ನೋಡಿ ಬಂದೀರಿ, ಇಲ್ಲಿ ನಡಸೋರು ಯಾರು?" ಎಂದವರು ಹಲವರು. ಅವರ ಮಾತಿನಲ್ಲಿಯೂ ಹುರುಳಿತ್ತು. ಎರಡು ದಿನ ಮನೆಯಲ್ಲಿಯೇ ಚರ್ಚೆ ನಡೆಯಿತು. ಕೊನೆಗೆ ನಾವೂ ಅಣ್ಣನವರೂ ತಕರಾರಿನಿಂದ ನಮ್ಮ ಸಹಿಯನ್ನು ಹಿಂದಕ್ಕೆ ಪಡೆದು, ಅದರ ಬದಲು ಬೇರೊಂದು ಮನವಿ ಬರೆದೆವು. ಘಟಕ ಆಗಲಿ, ಆದರೆ ಸುರಿಯುವ ತೊಟ್ಟಿ ಮುಚ್ಚಿರಬೇಕು. ಸುತ್ತ ಹೊಂಗೆ, ಬೇವುಗಳ ಎರಡು ಸಾಲು ಬೆಳೆಸಬೇಕು. ಸುತ್ತಲಿನ ಬಾವಿಗಳ ನೀರನ್ನು ಆರಂಭಕ್ಕೆ ಮುನ್ನ ಒಮ್ಮೆ, ಬಳಿಕ ಆರು ತಿಂಗಳಿಗೊಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ಫಲಕದಲ್ಲಿ ಬರೆಯಬೇಕು. ಪ್ರತಿ ಗಾಡಿಯೂ ಯಾವ ಮನೆಯಿಂದ ತುಂಬಿ ಯಾವಾಗ ಸುರಿಯಿತೆಂಬುದಕ್ಕೆ ದಫ್ತರವಿರಬೇಕು. ಕೆಲಸಗಾರರಿಗೆ ಕೈಗವುಸು, ಬೂಟು, ವಿಮೆಗಳಿರಬೇಕು. ಈ ಐದು ಬೇಡಿಕೆಗಳ ಮನವಿಗೆ ಈವರೆಗೆ ಏಳು ಮನೆಯವರು ಸಹಿ ಮಾಡಿದ್ದಾರೆ. ತಕರಾರು ಅರ್ಜಿಯಲ್ಲಿ ಇನ್ನೂ ಹೆಚ್ಚು ಸಹಿಗಳಿವೆ. ತೀರ್ಮಾನ ಇನ್ನೂ ಆಗಿಲ್ಲ. ಒಬ್ಬಿಬ್ಬರು ನಮ್ಮೊಡನೆ ಮಾತು ಬಿಟ್ಟಿದ್ದಾರೆಂಬುದನ್ನೂ ಬಚ್ಚಿಡುವುದಿಲ್ಲ.

ಮನೆಗಳಲ್ಲಿ ಯಾವ ಸರಕಾರಕ್ಕೂ ಕಾಯದೆ ಮಾಡಬಹುದಾದ ಕೆಲವು ಸಂಗತಿಗಳಿವೆ. ಗುಂಡಿಯ ಮುಚ್ಚಳ ಎಲ್ಲಿದೆಯೆಂಬುದು ಮನೆಯವರಿಗೆ ಗೊತ್ತಿರಲಿ. ಅದರ ಮೇಲೆ ಫರಸಿ ಹಾಸಿ ಮರೆತುಬಿಡುವುದು ಬೇಡ. ಬಟ್ಟೆ, ಪ್ಲಾಸ್ಟಿಕ್ಕು, ಕೂಸಿನ ಡೈಪರುಗಳನ್ನು ಅದರೊಳಗೆ ಹಾಕಬಾರದು. ತೀಕ್ಷ್ಣವಾದ ಆಸಿಡ್ಡನ್ನು ಮೇಲಿಂದ ಮೇಲೆ ಸುರಿದರೆ ಕೊಳೆಯನ್ನು ಕಳಿಸುವ ಜೀವಿಗಳೇ ಸಾಯುತ್ತವೆ. ಮೂರು ವರ್ಷಕ್ಕೊಮ್ಮೆ ತಪ್ಪದೆ ತೆಗೆಸಬೇಕು. ಯಾರೇ ಆಗಲಿ ಒಳಗೆ ಇಳಿಯಲು ಬಂದರೆ ಕೈಮುಗಿದು ತಡೆಯಬೇಕು. ಮತ್ತು ಗಾಡಿಯವನಿಗೆ ಹಣ ಕೊಡುವ ಮುನ್ನ, ನಮ್ಮ ತಾಯಿಯವರು ಕೇಳಿದ ಪ್ರಶ್ನೆಯನ್ನು ಕೇಳಬೇಕು.

ನಮ್ಮ ಮನೆಯ ಗುಂಡಿ ಈ ವರ್ಷವೇ ತುಂಬಿತು. ಘಟಕವಿಲ್ಲ, ಟ್ಯಾಂಕರಿನವನು ಎಂದಿನಂತೆ ಹಳ್ಳದ ಕಡೆಗೆ ತಿರುಗಿಸಲು ಸಿದ್ಧನಾಗಿದ್ದ. ಅಣ್ಣನವರು ತಡೆದು, ಬಾವಿಗೂ ಹಳ್ಳಕ್ಕೂ ದೂರವಾದ ನಮ್ಮ ಹೊಲದ ಒಂದು ಮೂಲೆಯಲ್ಲಿ ಉದ್ದನೆಯ ತಗ್ಗು ತೋಡಿಸಿ, ಅದರಲ್ಲಿ ಬಿಡಿಸಿ, ಮೇಲೆ ಸುಣ್ಣ ಎರಚಿ ಮಣ್ಣು ಮುಚ್ಚಿಸಿದರು. ಅಲ್ಲಿ ಎರಡು ವರ್ಷ ತರಕಾರಿ ಬೆಳೆಯದೆ ಗಿಡಗಳನ್ನಷ್ಟೇ ನೆಡುವುದೆಂದು ಗೊತ್ತುಮಾಡಿದ್ದೇವೆ. ಇದು ತಾತ್ಪೂರ್ತಿಕ ಉಪಾಯವಷ್ಟೆ. ಹೊಲವಿಲ್ಲದ ಮನೆಯವರು ಏನು ಮಾಡಬೇಕು? ಅವರಿಗಾಗಿಯೇ ಊರಿಗೊಂದು ಘಟಕ ಬೇಕು. ಗಾಡಿ ಹೋದ ಮೇಲೆ ನಮ್ಮ ತಾಯಿಯವರು ಕಟ್ಟೆಯ ಮೇಲೆ ಕುಳಿತು ಅಂದರು: "ನಮ್ಮ ಹೊಲಸು ನಮ್ಮ ಹೊಲದಾಗ ಇರಲಿ ಬಿಡ್ರಿ. ಮಂದಿ ಕುಡಿಯೋ ಹಳ್ಳಕ್ಕ ಬ್ಯಾಡ."

ಬರುವ ಸಂಕ್ರಮಣಕ್ಕೆ ಎಂದಿನಂತೆ ಕೂಡಲಸಂಗಮಕ್ಕೆ ಹೊರಡುವವರಿದ್ದೇವೆ. ನೀರಿಗಿಳಿಯುವಾಗ, ನಮ್ಮ ಮನೆಯ ಮಟ್ಟಿಗಾದರೂ ಈ ಸಲ ಮೇಲಿನಿಂದ ಏನನ್ನೂ ಕಳುಹಿಸಿಲ್ಲವೆಂಬ ಸಮಾಧಾನವಿರುತ್ತದೆ. ಆ ಸಮಾಧಾನ ಮಲಪ್ರಭೆಯ ದಂಡೆಯ ಎಲ್ಲ ಊರುಗಳಿಗೂ ದೊರೆಯಲಿ ಎಂದು ಹಾರೈಸುತ್ತ, ಓದುಗ ಬಂಧುಗಳೆಲ್ಲರಿಗೂ ಶರಣು ಶರಣಾರ್ಥಿ.